ಓಣಿಯ ಎತ್ತರ

ನೆಲ ಎಂದರೆ ಯಾವುದು ಎಂಬ ಪ್ರಶ್ನೆ ಸುಮನಾಳನ್ನು ಭದ್ರಾವತಿಯಲ್ಲಿ ಬಸ್ಸು ಹತ್ತುವಾಗಲೇ ಹಿಡಿದುಕೊಂಡಿತ್ತು. ಹಿಂದಿನ ದಿನ ಶಿವಮೊಗ್ಗದ ಆಫೀಸಿನಲ್ಲಿ ಅವಳು ಟೈಪು ಮಾಡಿಕೊಟ್ಟಿದ್ದ ಸಾಲೊಂದನ್ನು ಸರ್ವೇಯರ್ ಚಂದ್ರಹಾಸ ಗಟ್ಟಿಯಾಗಿ ಓದಿದ್ದರು: ‘ಹಿಂದಿನ ಮನೆಯವರಿಗೆ ಓಣಿಯಲ್ಲಿ ಓಡಾಡುವ ಹಕ್ಕು ನೆಲದಿಂದ ಒಂಬತ್ತು ಅಡಿ ಎತ್ತರದವರೆಗೆ ಮಾತ್ರ.’ ಓದಿ, ಕನ್ನಡಕವನ್ನು ಹಣೆಗೇರಿಸಿ, ‘ಯಾವ ನೆಲ, ಸುಮನಾ?’ ಎಂದಿದ್ದರು. ‘ಇವತ್ತಿನ ನೆಲವೋ, ಕಾಂಕ್ರೀಟು ಹಾಕೋಕೆ ಮುಂಚಿನದೋ? ಇನ್ನೊಂದು ಸಲ ಕಾಂಕ್ರೀಟು ಬಿದ್ದರೆ ನೆಲ ಮೇಲೆ ಬರುತ್ತೆ. ಆಗ ಓಣಿಯ ಮೇಲೆ ರುದ್ರೇಶ ಕಟ್ಟೋ ಕೋಣೆ ಎದ್ದು ನಿಂತ್ಕೊಳ್ಳುತ್ತಾ?’ ಬೆಂಚಿನ ಮೇಲೆ ಕಾದಿದ್ದ ಗಿರಾಕಿಗಳು ನಕ್ಕಿದ್ದರು. ಅವಳೂ ನಕ್ಕಿದ್ದಳು. ನಕ್ಕಿದ್ದೇ ತಪ್ಪಾಯಿತು ಎಂದು ಈಗ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡಾಗ ಅನ್ನಿಸಿತು. ನಗದೆ ಇದ್ದಿದ್ದರೆ ಅದು ಒಂದು ಪ್ರಶ್ನೆಯಾಗಿ ಉಳಿಯುತ್ತಿತ್ತು. ನಕ್ಕಮೇಲೆ ದಡ್ಡತನವಾಗಿಬಿಟ್ಟಿತು.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವಳಿಗೆ ಇದೆಲ್ಲ ಪಾಠವಾಗಿತ್ತು. ಭೂಮಿಯ ಮೇಲಿನ ಹಕ್ಕಿಗೆ ಉದ್ದವೂ ಅಗಲವೂ ಇರುವ ಹಾಗೆ ಕೆಲವೊಮ್ಮೆ ಆಳವೋ ಎತ್ತರವೋ ಇರುತ್ತದೆ. ಪಕ್ಕದವರ ಹಿತ್ತಲಡಿ ಹಾದುಹೋಗುವ ಪೈಪಿಗೆ ಇಷ್ಟು ಆಳದಿಂದ ಕೆಳಗೆ ಎಂದು, ಸೂರಿನ ಮೇಲೆ ಹಾಯುವ ತಂತಿಗೆ ಇಷ್ಟು ಎತ್ತರದಿಂದ ಮೇಲೆ ಎಂದು. ಅಂಥ ಮಿತಿಯನ್ನು ಅಲುಗದ ಒಂದು ಗುರುತಿನಿಂದ ಅಳೆಯಬೇಕೇ ಹೊರತು ಕಾಲಿನ ಕೆಳಗಿರುವುದರಿಂದಲ್ಲ. ಪರೀಕ್ಷೆಯಲ್ಲಿ ಬರೆದಿದ್ದಳು ಕೂಡ. ಆದರೆ ಕನ್ನಡದಲ್ಲಿ ಬರೆಯುವಾಗ ಕೈ ತಾನಾಗಿ ನೆಲ ಎಂದಿತು. ನೆಲ ಅಂದಮೇಲೆ ಅದು ಇದ್ದಲ್ಲೇ ಇರುತ್ತದೆ ಎಂದು ಕೈ ನಂಬಿತ್ತು. ಬಸ್ಸು ಹೊಳೆಯ ಸೇತುವೆ ದಾಟುವಾಗ ಅವಳು ತಮ್ಮ ಕ್ವಾರ್ಟರ್ಸ್‌ನ ಬಗ್ಗೆ ಯೋಚಿಸಿದಳು. ಕಬ್ಬಿಣದ ಕಾರ್ಖಾನೆಯ ಕಿಟ್ಟ ತಂದು ಸುರಿದು ಸುರಿದು ಅಲ್ಲಿ ಅಂಗಳ ಏರಿತ್ತು. ಚಿಕ್ಕಂದಿನಲ್ಲಿ ಎದೆಮಟ್ಟಕ್ಕೆ ಬರುತ್ತಿದ್ದ ಕೆಳಮನೆಯ ಕಿಟಕಿಯ ಕಟ್ಟೆ ಈಗ ಸೊಂಟಕ್ಕಿಂತ ಕೆಳಗಿತ್ತು. ಅದರಲ್ಲಿ ತಾನು ಬೆಳೆದದ್ದೆಷ್ಟು, ಅಂಗಳ ಎದ್ದದ್ದೆಷ್ಟು? ಯಾರೂ ಬಿಡಿಸಿ ಹೇಳಲಾರರು ಎನ್ನುವುದು ಅವಳಿಗೆ ಒಂಥರಾ ಖುಷಿ ಕೊಟ್ಟಿತು. ಆಮೇಲೆ ಯಾರಾದರೂ ಗಮನಿಸಿದರೇನೋ ಎಂಬಂತೆ ಮುಖ ಬಿಗಿ ಮಾಡಿಕೊಂಡಳು.

ಶಿವಮೊಗ್ಗದ ಕೋಟೆ ಪ್ರದೇಶದ ಆ ಓಣಿ ಎರಡು ಆಳು ಪಕ್ಕಪಕ್ಕ ನಡೆಯುವಷ್ಟು ಅಗಲ. ಎಡಕ್ಕೂ ಬಲಕ್ಕೂ ರುದ್ರೇಶನ ಮನೆಯ ಎರಡು ಭಾಗ. ಓಣಿಯೂ ಅವನದೇ. ಅದರ ತುದಿಯಲ್ಲಿ ಹುಚ್ಚಮ್ಮನ ಮನೆ. ಅವರಿಗೆ ಬೀದಿಗೆ ಬರಲು ಬೇರೆ ದಾರಿಯಿಲ್ಲ. ಈಗ ರುದ್ರೇಶ ಮಹಡಿಯ ಎರಡೂ ಭಾಗವನ್ನು ಕೂಡಿಸಿ ಓಣಿಯ ಮೇಲೆ ಒಂದು ಕೋಣೆ ಕಟ್ಟಬೇಕೆಂದಿದ್ದ. ಕೆಳಗೆ ಅವರು ಓಡಾಡಿಕೊಳ್ಳಲಿ, ಮೇಲೆ ತಾನು ಇರುತ್ತೇನೆ. ಎಷ್ಟಕ್ಕೆ ಕೆಳಗೆ ಮುಗಿದು ಮೇಲೆ ಶುರುವಾಗುತ್ತದೆ ಎಂಬುದನ್ನು ಗುರುತು ಮಾಡಿ ನಕ್ಷೆ ಬರೆದುಕೊಡುವುದು ಸುಮನಾಳ ಕೆಲಸ. ರುದ್ರೇಶ ಬಾತ್‌ರೂಂ ಸಾಮಾನಿನ ಅಂಗಡಿಯವನು. ಮಾತಾಡುವಾಗ ಎದುರಿಗಿದ್ದವರ ಭುಜದಾಚೆ ಏನೋ ನೋಡುತ್ತಿದ್ದ. ‘ಎಲ್ಲ ಒಪ್ಪಿಗೆ ಆಗಿದೆ ಮೇಡಂ. ಒಂಬತ್ತಡಿ. ನೀವು ಗೆರೆ ಎಳೆದು ಹೋಗೋದಷ್ಟೇ. ನಮ್ಮ ಗಾರೆಯವರು ಸಾಯಂಕಾಲದೊಳಗೆ ಕಬ್ಬಿಣ ಕಟ್ಟೋಕೆ ಶುರು ಮಾಡ್ತಾರೆ.’ ಗಾರೆಯ ಇಬ್ಬರು ಆಳುಗಳು ಮರಳಿನ ಗುಡ್ಡೆಯ ಮೇಲೆ ಕೂತು ಅವಳ ಮೂರು ಕಾಲಿನ ಸ್ಟ್ಯಾಂಡನ್ನು ನೋಡುತ್ತಿದ್ದರು. ಫೋಟೋ ತೆಗೆಯುವವರನ್ನು ನೋಡುವ ಹಾಗೆ.

ಅಳೆಯಲು ಶುರುಮಾಡುವ ಮುಂಚೆ ಗುರುತು ಬೇಕಿತ್ತು. ಏರದ, ಇಳಿಯದ, ಯಾರೂ ಕೀಳದ ಒಂದು ಕಲ್ಲು. ಹುಚ್ಚಮ್ಮನ ಮನೆಯ ಹೊಸ್ತಿಲು ಅವಳಿಗೆ ತಟ್ಟನೆ ಹಿಡಿಸಿತು. ಕಪ್ಪಗೆ, ಒಂದೇ ತುಂಡು, ನಡುವೆ ತುಸು ಸವೆದಿತ್ತು. ‘ಇದರ ಮೇಲೆ ಉಳಿಯಿಂದ ಒಂದು ಸಣ್ಣ ಗುರುತು ಹಾಕಬಹುದಾ?’ ಎಂದು ಕೇಳಿ ಮುಗಿಸುವಷ್ಟರಲ್ಲಿ ಸೊಸೆ ಪುಷ್ಪಾ ಒಳಗಿಂದ ಬಂದಳು. ‘ಹೊಸ್ತಿಲಿಗೆ ಉಳಿ ಹಾಕ್ತೀರಾ? ಬೆಳಿಗ್ಗೆ ಅರಿಶಿನ ಹಚ್ಚಿ ರಂಗೋಲಿ ಹಾಕಿದ್ದೀನಿ, ಕಾಣ್ಲಿಲ್ವಾ?’ ಕಂಡಿತ್ತು. ಕಂಡೂ ಅವಳು ಅದನ್ನು ಬರೀ ಕಲ್ಲಾಗಿ ನೋಡಿದ್ದಳು. ಕ್ಷಮೆ ಕೇಳಬೇಕೋ ಬೇಡವೋ ತಿಳಿಯದೆ ಪಕ್ಕದ ಜಗಲಿಯ ಅಂಚುಗಲ್ಲನ್ನು ತೋರಿಸಿ, ‘ಇದಾದರೂ ಆಗುತ್ತೆ’ ಎಂದಳು. ಧ್ವನಿ ತೀರಾ ಸಣ್ಣದಾಗಿತ್ತು. ‘ಅದಕ್ಕೆ ಹಾಕ್ಕೊಳ್ಳಿ’ ಎಂದಳು ಪುಷ್ಪಾ, ಬಿಟ್ಟುಕೊಟ್ಟವಳಂತೆ.

ಸ್ಟ್ಯಾಂಡಿನ ಮೇಲೆ ಕೂರಿಸಿದ, ಮಟ್ಟ ನೋಡುವ ಯಂತ್ರದ ಕಣ್ಣಿನಲ್ಲಿ ಓಣಿ ಬೇರೆಯೇ ಆಗಿತ್ತು. ಬರಿಗಣ್ಣಿಗೆ ಸಪಾಟಾಗಿ ಕಂಡದ್ದು ಹುಚ್ಚಮ್ಮನ ಬಾಗಿಲಿಂದ ಬೀದಿಗೆ ಮುಕ್ಕಾಲು ಅಡಿಯಷ್ಟು ಇಳಿದಿತ್ತು, ಮಳೆನೀರು ಓಡಲಿ ಎಂದು. ಅಳತೆಕೋಲನ್ನು ಅಲ್ಲಿ ಇಲ್ಲಿ ಹಿಡಿಸಿ ಓದಿದಳು. ಅನುಮಾನ ಬಂದು ಮತ್ತೆ ಓದಿದಳು. ರುದ್ರೇಶನ ಒಂಬತ್ತು ಅಡಿ ಬೀದಿಯ ಕಡೆಯದು. ಅದೇ ಮಟ್ಟದಲ್ಲಿ ದಾರ ಎಳೆದರೆ ಹುಚ್ಚಮ್ಮನ ಬಾಗಿಲ ಬಳಿ ಉಳಿಯುವುದು ಎಂಟೂಕಾಲು. ಕೋಣೆಯ ತಳ ಇಳಿಜಾರಾಗಿ ಇರುವುದಿಲ್ಲ. ನೆಲವೇ ಮೇಲೆ ಬರುತ್ತದೆ. ಇದನ್ನು ಯಾರೂ ಯಾರಿಗೂ ಹೇಳಿಲ್ಲ. ಬಹುಶಃ ಯಾರಿಗೂ ಗೊತ್ತೂ ಇಲ್ಲ. ಗೊತ್ತಿರುವುದು ಈಗ ತನಗೊಬ್ಬಳಿಗೆ. ಹೇಳದಿದ್ದರೆ ಕೆಲಸ ಸಾಯಂಕಾಲಕ್ಕೆ ಮುಗಿಯುತ್ತದೆ. ಎಂಟೂಕಾಲು ಅಡಿ ಎತ್ತರಕ್ಕೆ ಯಾರ ತಲೆ ತಾಗುತ್ತದೆ? ತಾನು ಐದೂಕಾಲು. ತಲೆಯ ಮೇಲೆ ಬಿಂದಿಗೆ ಇಟ್ಟುಕೊಂಡರೂ ದಾಟಿ ಹೋಗಬಹುದು.

‘ಆಗುತ್ತೇನವ್ವ?’ ಎಂದು ಜಗಲಿಯ ಮೇಲಿಂದ ಕೇಳಿದ್ದು ಹುಚ್ಚಮ್ಮ. ಮುದುಕಿ ಅಲ್ಲಿ ಬಂದು ಕೂತದ್ದು ಸುಮನಾಳಿಗೆ ಗೊತ್ತಾಗಿರಲಿಲ್ಲ. ಹಣೆಯ ತುಂಬ ವಿಭೂತಿ, ಮಡಿಲಲ್ಲಿ ಬಿಡಿಸುತ್ತಿದ್ದ ಅವರೆಕಾಯಿ. ‘ಏನು ಆಗಬೇಕಿತ್ತು ಅಜ್ಜಿ?’

‘ನನ್ನ ಕೂರಿಸ್ಕೊಂಡು ಹೋಗೋಕೆ.’

ಸುಮನಾ ಒಂದು ಗಳಿಗೆ ಗಾಲಿಕುರ್ಚಿ ಎಂದುಕೊಂಡಳು. ಅಗಲ ಎಷ್ಟು ಬೇಕಾದೀತು ಎಂದು ಲೆಕ್ಕವೂ ಶುರುವಾಗಿತ್ತು. ಪುಷ್ಪಾ, ‘ಅತ್ತೆ, ಸುಮ್ನಿರಿ. ಬೆಳಿಗ್ಗೆ ಬೆಳಿಗ್ಗೆ’ ಎಂದು ಗದರಿ, ಸುಮನಾಳ ಕಡೆ ತಿರುಗಿ ಧ್ವನಿ ತಗ್ಗಿಸಿದಳು. ‘ನಮ್ಮಲ್ಲಿ ಹೋದವರನ್ನ ಮಲಗಿಸಿ ತಗೊಂಡು ಹೋಗಲ್ಲ ಮೇಡಂ. ಕೂರಿಸ್ತಾರೆ. ವಿಮಾನ ಅಂತ ಕಟ್ತಾರಲ್ಲ, ಬಿದಿರಿಂದು, ಬಾಳೆದಿಂಡು, ಹೂವು ಎಲ್ಲ ಹಾಕಿ. ಅದರಲ್ಲಿ ಕೂರಿಸಿ ಹೆಗಲ ಮೇಲೆ.’

ಅವಳು ಅದನ್ನು ನೋಡಿರಲಿಲ್ಲವೆಂದಲ್ಲ. ಹಿಂದೊಮ್ಮೆ ಬಿ.ಎಚ್. ರಸ್ತೆಯಲ್ಲಿ ಬಸ್ಸು ನಿಂತಾಗ ಕಿಟಕಿಯ ಮಟ್ಟಕ್ಕೆ ಸರಿಯಾಗಿ ಒಂದು ಮುಖ ಹಾದುಹೋಗಿತ್ತು. ವಿಭೂತಿ ಬಳಿದ ಹಣೆ, ಕಟ್ಟಿದ ಗಲ್ಲ, ಹೂವಿನ ನಡುವೆ ನೆಟ್ಟಗೆ, ಬಸ್ಸಿನೊಳಗಿನ ಇತರ ಪ್ರಯಾಣಿಕರ ಹಾಗೆಯೇ ಎತ್ತಲೋ ಹೊರಟವರಂತೆ. ಅವಳು ಕೈಮುಗಿದಿದ್ದಳು. ಆದರೆ ಅದು ಎಷ್ಟು ಎತ್ತರ ಎಂದು ಯೋಚಿಸಿರಲಿಲ್ಲ. ಬಸ್ಸಿನ ಕಿಟಕಿಯ ಮಟ್ಟಕ್ಕೆ ಮುಖ ಬರಬೇಕಾದರೆ ತಲೆ ಎಲ್ಲಿರಬೇಕು? ತನ್ನ ಅಪ್ಪ ಹೋದಾಗ ಮಲಗಿಯೇ ಹೋಗಿದ್ದು. ಕ್ವಾರ್ಟರ್ಸ್‌ನ ಮೆಟ್ಟಿಲ ತಿರುವಿನಲ್ಲಿ ಚಟ್ಟ ಸಿಕ್ಕಿಕೊಂಡಿತ್ತು. ಎದುರು ಮನೆಯ ತಮಿಳಿನವರು ಕೆಳಗಿನಿಂದ ‘ತಿರುಪ್ಪು, ಇಪ್ಪಡಿ ತಿರುಪ್ಪು’ ಎಂದು ಕೂಗುತ್ತಿದ್ದರು. ಹೀಗೆ ತಿರುಗಿಸಿ ಎಂದು, ಬೀರುವನ್ನು ಇಳಿಸುವಾಗ ಹೇಳುವ ಹಾಗೆ. ಅಪ್ಪನನ್ನು ವಾಲಿಸಿ, ಎತ್ತಿ, ಒಂದು ಗಳಿಗೆ ನಿಲ್ಲಿಸಿಯೇಬಿಟ್ಟು, ಆಮೇಲೆ ತಿರುಗಿಸಿದ್ದರು. ಮೂವತ್ತು ವರ್ಷ ಫರ್ನೇಸಿನ ಮುಂದೆ ನಿಂತ ಮನುಷ್ಯ, ಇನ್ನೊಂದು ಸಲ ನಿಂತರು ಅಷ್ಟೇ ಎಂದು ಅಮ್ಮ ಆಮೇಲೆ ಹೇಳಿದ್ದಳು. ಆ ಮೆಟ್ಟಿಲನ್ನು ನಕ್ಷೆಯಲ್ಲಿ ಎಳೆದವರು ಇದನ್ನೂ ಅಳತೆಗೆ ಸೇರಿಸಿಕೊಂಡಿದ್ದರೇ? ಇರಲಾರದು. ಬದುಕಿದವರು ಸಾಮಾನು ಹೊತ್ತು ತಿರುಗುವಷ್ಟು ಜಾಗ ಬಿಟ್ಟು ಗೆರೆ ಎಳೆದಿದ್ದರು.

‘ಎಂಟೂಕಾಲು’ ಎಂದಳು. ಬಾಯಿಂದ ಅದು ಬಂದೇಬಿಟ್ಟಿತ್ತು. ‘ನಿಮ್ಮ ಬಾಗಿಲ ಹತ್ತಿರ ಎಂಟೂಕಾಲು ಅಡಿ ಉಳಿಯುತ್ತೆ ಅಜ್ಜಿ. ಒಂಬತ್ತಲ್ಲ.’

ರುದ್ರೇಶ ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿದ. ‘ಅದ್ಹೆಂಗೆ? ನಾನೇ ಟೇಪು ಹಿಡಿದಿದ್ದೀನಿ.’ ಇಳಿಜಾರಿನ ಲೆಕ್ಕವನ್ನು ಅವಳು ಹೇಳಿದಳು. ಅವನು ಕೇಳಿಸಿಕೊಂಡು ಕೆನ್ನೆ ಉಜ್ಜಿದ. ‘ನೋಡಿ ಮೇಡಂ, ನನ್ನ ಮಹಡಿಯ ನೆಲ ಎಲ್ಲಿದೆಯೋ ಅಲ್ಲೇ ಈ ಕೋಣೆ ನೆಲ ಬರಬೇಕು. ಇನ್ನೂ ಮೇಲೆ ಮಾಡಿದ್ರೆ ಎರಡು ಮೆಟ್ಟಿಲು ಹತ್ತಿ, ಆ ಕಡೆ ಎರಡು ಮೆಟ್ಟಿಲು ಇಳೀಬೇಕು. ನಮ್ಮ ಮನೆಯವಳಿಗೆ ಮಂಡಿ ನೋವು. ಅದಕ್ಕೇ ಅಲ್ವಾ ಇದನ್ನ ಕಟ್ತಿರೋದು, ಅಡಿಗೆಮನೆಯಿಂದ ಮಲಗೋ ಕೋಣೆಗೆ ಕೆಳಗಿಳಿದು ಹತ್ತೋದು ಬೇಡ ಅಂತ.’ ಇದು ಸುಳ್ಳಾಗಿರಲಿಲ್ಲ. ಮೇಲಿನ ಕಿಟಕಿಯಲ್ಲಿ ಅವನ ಹೆಂಡತಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಸುಮನಾಳಿಗೆ ಆ ಮಂಡಿಯ ಮೇಲೂ ಕನಿಕರ ಬಂತು. ಯಾರ ಮೇಲೆ ಕನಿಕರ ಬಂದರೂ ಅವಳಿಗೆ ತಾನು ಇನ್ನೊಬ್ಬರಿಗೆ ಮೋಸ ಮಾಡಿದೆ ಅನ್ನಿಸುತ್ತಿತ್ತು.

‘ವಿಮಾನ ಬೀದೀಲೇ ಕಟ್ಟಿಸಿದ್ರಾಯ್ತು ದೊಡ್ಡಮ್ಮ’ ಎಂದ ರುದ್ರೇಶ ಸಮಾಧಾನದ ಧ್ವನಿಯಲ್ಲಿ. ‘ಅಲ್ಲೀತನಕ ನಾನೇ ಎತ್ಕೊಂಡು ಬರ್ತೀನಿ.’

‘ಮಗೂನ ಎತ್ಕೊಂಡ ಹಂಗಾ?’ ಹುಚ್ಚಮ್ಮ ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ. ‘ನಮ್ಮ ಯಜಮಾನ್ರು ಈ ಬಾಗ್ಲಿಂದ ಕೂತ್ಕೊಂಡೇ ಹೋದ್ರು. ಆಗ ನಿಮ್ಮಪ್ಪ ಮುಂದಿನ ಬಲಗಡೆ ಹೆಗಲು ಕೊಟ್ಟಿದ್ದ. ಮದ್ವೆ ಆಗಿ ಬಂದಾಗ ನಾನು ನಡ್ಕೊಂಡು ಬಂದೆ ಈ ಓಣೀಲಿ. ವಾಪಸ್ ಹೋಗೋವಾಗಾದ್ರೂ ಕೂತ್ಕೊಂಡು ಹೋಗೋದು ಬ್ಯಾಡ್ವಾ?’

‘ಅಯ್ಯೋ, ಹೆಗಲು ಕೊಡೋನು ಈಗ್ಲೂ ನಾನೇ ಅಲ್ವಾ? ಆ ಜಾಗದಲ್ಲಿ ಸ್ವಲ್ಪ ಮಂಡಿ ಬಗ್ಗಿಸಿ ನಡೆದ್ರಾಯ್ತು.’

‘ನಿನ್ನ ಹೆಂಡ್ತಿಗೆ ಎರಡು ಮೆಟ್ಲು ಹತ್ತೋಕೆ ಮಂಡಿ ಬಗ್ಗಲ್ಲ. ನೀನು ನನ್ನ ಹೊತ್ಕೊಂಡು ಬಗ್ಗಿಸ್ತೀಯಾ, ಮಾರಾಯ?’ ಮರಳಿನ ಮೇಲೆ ಕೂತವರು ಬಾಯಿಗೆ ಕೈ ಅಡ್ಡ ಹಿಡಿದರು. ಮೇಲಿನ ಕಿಟಕಿ ಸದ್ದಿಲ್ಲದೆ ಮುಚ್ಚಿಕೊಂಡಿತು.

ಸುಮನಾ ಚಂದ್ರಹಾಸ ಸರ್‌ಗೆ ಫೋನು ಮಾಡಿದಳು. ಓಣಿಯ ಮೂಲೆಗೆ ಹೋಗಿ, ಗೋಡೆಯ ಕಡೆ ತಿರುಗಿ, ಆದಷ್ಟು ಮೆಲ್ಲಗೆ, ‘ಸರ್, ಕೂತ ಹೆಣದ ಎತ್ತರ ಎಷ್ಟು ಅಂತ ಇಟ್ಕೊಳ್ಳೋದು?’ ಎಂದು ಕೇಳಿದಳು. ‘ಏನಮ್ಮಾ ಬೆಳಿಗ್ಗೇನೇ?’ ಎಂದರು ಅವರು. ವಿವರಿಸಿದ ಮೇಲೆ, ‘ಲಾರಿ ಹಾಯೋಕೆ ಹದಿನೆಂಟು ಅಡಿ ಅಂತಿದೆ, ಇದಕ್ಕೆ ಎಲ್ಲೂ ಬರೆದಿಲ್ಲ. ಇಬ್ಬರೂ ಒಪ್ಪಿದ ಅಂಕಿ ಹಾಕು. ಒಪ್ಪದಿದ್ರೆ ಅಲ್ಲೇ ಬಿಟ್ಟು ಬಾ, ಕೋರ್ಟಿಗೆ ಹೋಗಲಿ’ ಎಂದರು. ಫೋನು ಇಟ್ಟಾಗ ಅವಳಿಗೆ ಅಂಜಿಕೆಗಿಂತ ಹೆಚ್ಚಾಗಿ ಬೇರೊಂದು ಹತ್ತಿಕೊಂಡಿತ್ತು. ಎಲ್ಲೂ ಬರೆದಿಲ್ಲ. ಲಾರಿಗೆ, ತಂತಿಗೆ, ಚರಂಡಿಯ ಪೈಪಿಗೆ ಅಂಕಿಯಿದೆ. ಊರಿನ ಅರ್ಧ ಜನ ಹೋಗುವ ರೀತಿಗೆ ಇಲ್ಲ. ಹೆಗಲು ಇಷ್ಟು, ಅದರ ಮೇಲೆ ಬಿದಿರು ಇಷ್ಟು, ಪೀಠ, ಕೂತ ದೇಹ. ಕೂಡುತ್ತ ಹೋದಳು. ಹೆಗಲ ಎತ್ತರವೇ ಸರಿಯಾಗಿ ಸಿಗಲಿಲ್ಲ. ಭಾರ ಬಿದ್ದಾಗ ಹೆಗಲು ಎಷ್ಟು ಇಳಿಯುತ್ತದೆ? ತಿಳಿಯಬೇಕಾದರೆ ಹೊತ್ತು ನೋಡಬೇಕು ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟಳು.

‘ಹೊತ್ತು ನೋಡೋದಾ? ಯಾರನ್ನ?’ ಎಂದ ಹುಚ್ಚಮ್ಮನ ಮಗ ಆನಂದ. ಬಸ್ ಕಂಡಕ್ಟರು, ರಾತ್ರಿ ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಆಗಷ್ಟೇ ಬಂದಿದ್ದ. ‘ನನ್ನನ್ನೇ’ ಎಂದು ಹುಚ್ಚಮ್ಮ ಅವರೆಕಾಯಿ ಪಕ್ಕಕ್ಕಿಟ್ಟು ಏಳಲು ಹೊರಟಳು. ಪುಷ್ಪಾ ಕಿರುಚಿಯೇಬಿಟ್ಟಳು. ‘ಬಿಡ್ತು ಅನ್ನಿ ಅತ್ತೆ! ಜೀವ ಇರೋವಾಗ ಹೆಗಲ ಮೇಲೆ ಕೂರ್ತಾರಾ?’ ಆನಂದನ ಮುಖ ಕಪ್ಪಿಟ್ಟಿತು. ರುದ್ರೇಶ ಕೂಡ ಹಿಂದೆ ಸರಿದ. ಹಾಗೆ ಎಲ್ಲರೂ ಒಂದೊಂದು ಕಡೆ ನೋಡುತ್ತಿದ್ದ ಹೊತ್ತಿನಲ್ಲಿ ಸುಮನಾ, ‘ನಾನು ಕೂರ್ತೀನಿ. ನನಗೆ ಇದೆಲ್ಲ ನಂಬಿಕೆ ಇಲ್ಲ’ ಎಂದಳು. ಎರಡನೆಯ ಮಾತು ನಿಜವಲ್ಲ. ದಾರಿಯಲ್ಲಿ ಬಿದ್ದ ನಿಂಬೆಹಣ್ಣನ್ನು ಕಂಡರೂ ಅವಳು ಸುತ್ತಿ ಹೋಗುವವಳು. ಆದರೆ ತಿಳಿಯಬೇಕಿತ್ತು. ಆ ಆಸೆ ಅವಳ ಹೆದರಿಕೆಯನ್ನು ಒಂದೇ ಸಲ ಹಿಂದೆ ಹಾಕಿ ಮುಂದೆ ಬಂದು ನಿಂತಿತ್ತು. ಅದರ ಧೈರ್ಯ ನೋಡಿ ಅವಳಿಗೇ ಆಶ್ಚರ್ಯವಾಯಿತು.

ಗಾರೆಯವರು ಕೋಣೆಯ ತಳ ಬರುವ ಮಟ್ಟಕ್ಕೆ ಓಣಿಯ ಎರಡೂ ಗೋಡೆಗೆ ಮೊಳೆ ಹೊಡೆದು ದಾರ ಕಟ್ಟಿದರು. ವಿಮಾನದಲ್ಲಿ ಪೀಠ ಎಷ್ಟು ಎತ್ತರ ಇರುತ್ತದೆಂದು ಆನಂದ ಅಂಗೈ ಅಡ್ಡಲಾಗಿ ಹಿಡಿದು ತೋರಿಸಿದ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎರಡು ಬಿದಿರಿನ ಮೇಲಿಟ್ಟು ಬಿಗಿದರು. ಅದರ ಕಾಲು ಹೆಚ್ಚೂಕಡಿಮೆ ಅಷ್ಟೇ ಎತ್ತರವಾಯಿತು. ಮುಂದೆ ಆನಂದ ಮತ್ತು ರುದ್ರೇಶ, ಹಿಂದೆ ಗಾರೆಯ ಇಬ್ಬರು. ಬಲಗಡೆಗೆ ರುದ್ರೇಶ ತಾನಾಗಿಯೇ ಬಂದು ನಿಂತ. ‘ಭಾರ ಇಲ್ಲ ಮೇಡಂ ನೀವು’ ಎಂದ, ಎತ್ತಿದ ಮೇಲೆ, ಏನಾದರೂ ಹೇಳಬೇಕೆಂಬಂತೆ. ಅವಳು ಕುರ್ಚಿಯ ಕೈಗಳನ್ನು ಹಿಡಿದಿದ್ದಳು. ನಾಲ್ಕು ಜನರ ನಡಿಗೆ ಒಂದಕ್ಕೊಂದು ಹೊಂದದೆ ಕುರ್ಚಿ ಓಲಾಡಿತು. ಗೋಡೆಯ ಸುಣ್ಣ ಮುಖಕ್ಕೆ ಹತ್ತಿರವಾಗಿತ್ತು. ಬಾಗಿಲು ದಾಟಿ ಒಂದಿಷ್ಟು ಬಂದಾಗ ದಾರ ಎದುರಾಯಿತು. ಬಂತು, ತಲೆಯ ಮೇಲೆ ಹೋಯಿತು, ಹಿಂದಾಯಿತು. ರುದ್ರೇಶ ಕತ್ತು ಹೊರಳಿಸಿ, ‘ನೋಡಿದ್ರಾ? ತಾಗ್ಲಿಲ್ಲ!’ ಎಂದ. ಆ ಧ್ವನಿಯಲ್ಲಿ ಗೆದ್ದದ್ದಕ್ಕಿಂತ ಹಗುರಾದದ್ದು ಹೆಚ್ಚಿತ್ತು. ಆನಂದನೂ ಉಸಿರು ಬಿಟ್ಟ.

‘ಏ ಮಾರಾಯ್ತಿ’ ಎಂದಳು ಹುಚ್ಚಮ್ಮ ಜಗಲಿಯಿಂದ. ‘ನೀನು ಕತ್ತು ಬಗ್ಗಿಸಿದೆ.’

‘ಇಲ್ಲ ಅಜ್ಜಿ.’

‘ಬಗ್ಗಿಸಿದೆ ಕಣವ್ವ, ನಾನು ನೋಡ್ದೆ. ನಾನು ಹೆಂಗೆ ಬಗ್ಗಿಸ್ಲಿ ಆವಾಗ?’

ಅವಳಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ. ನೆನಪಿಸಿಕೊಂಡರೆ, ದಾರ ಬಂದಾಗ ಎದುರಿಗೆ ಕಂಡದ್ದು ತನ್ನ ಮೊಣಕಾಲು. ಹಾಗಾದರೆ ಬಗ್ಗಿರಬೇಕು. ಯಾರೂ ಕೇಳದೆ, ಯಾರೂ ಹೇಳದೆ, ಒಂದು ದಾರಕ್ಕೆ. ಮುಖ ಬಿಸಿಯಾಯಿತು; ಅಷ್ಟು ಎತ್ತರದಲ್ಲಿ ಅದನ್ನು ಅಡಗಿಸುವ ಜಾಗವೂ ಇರಲಿಲ್ಲ. ‘ಇನ್ನೊಂದು ಸಲ’ ಎಂದಳು. ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಾಗಿಲ ತನಕ ಹೋಗಿ ಮತ್ತೆ ಹೊರಟರು. ಈ ಸಲ ಅವಳು ಬೆನ್ನನ್ನು ಕುರ್ಚಿಗೆ ಒತ್ತಿ, ಕಣ್ಣು ತೆರೆದೇ ಕೂತಳು. ನೆಟ್ಟಗೆ ಇರುವುದು ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ತಿಳಿದಿರಲಿಲ್ಲ. ದಾರ ಹತ್ತಿರವಾದಂತೆ ಮೈಯೆಲ್ಲ ಒಂದೇ ಮಾತು ಹೇಳುತ್ತಿತ್ತು, ಬಗ್ಗು, ಬಗ್ಗು ಎಂದು. ಅದು ತನ್ನ ಮಾತೇ, ಬೇರೆ ಯಾರದೂ ಅಲ್ಲ. ಅವಳು ಅದನ್ನು ಕೇಳಿಸಿಕೊಂಡಳು, ಪಾಲಿಸಲಿಲ್ಲ. ದಾರ ಹುಬ್ಬಿನ ಮೇಲೆ ತಾಗಿತು. ಬಿಗಿಯಿತು. ಒಂದು ಮೊಳೆ ಕಿರ್ರೆಂದಿತು.

‘ನಿಲ್ರಿ!’ ಎಂದು ಕೂಗಿದ್ದು ರುದ್ರೇಶ. ತಲೆ ಎತ್ತಿ ನೋಡುವ ಹಾಗಿರಲಿಲ್ಲ, ಹೆಗಲ ಮೇಲೆ ಬಿದಿರಿತ್ತು. ಆದರೆ ಬಿದಿರು ಹಿಂದಕ್ಕೆ ಜಗ್ಗಿದ್ದು ಅವನಿಗೆ ಗೊತ್ತಾಗಿತ್ತು. ಅವನ ಕಿವಿಯ ಪಕ್ಕ ನರ ಎದ್ದು ಕಾಣುತ್ತಿತ್ತು. ‘ಆಯ್ತು’ ಎಂದ ಕೊನೆಗೆ, ಎದುರಿನ ಬೀದಿಗೆ ಹೇಳುವ ಹಾಗೆ. ‘ಆಯ್ತು ಬಿಡಿ. ಮೆಟ್ಟಿಲು ಹಾಕಿಸ್ತೀನಿ. ಎಷ್ಟು ಬೇಕೋ ಅಷ್ಟು ಬರ್ಕೊಳ್ಳಿ. ಅವಳಿಗೆ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿಸಿದ್ರಾಯ್ತು.’ ಗಾರೆಯವನೊಬ್ಬ ಒಂದು ಕೈಯಲ್ಲಿ ಬಿದಿರು ಹಿಡಿದು ಇನ್ನೊಂದು ಕೈಯಿಂದ ದಾರವನ್ನು ಮೊಳೆಯಿಂದ ಕಳಚಿದ. ಹುಬ್ಬಿನ ಮೇಲೆ ಉರಿಯುತ್ತಿತ್ತು. ಈಗ ಇಳಿಸಿ ಎನ್ನಬೇಕು, ಯಂತ್ರದ ಹತ್ತಿರ ಹೋಗಬೇಕು, ಜಗಲಿಯ ಕಲ್ಲಿನ ಗುರುತಿನಿಂದ ಹೊಸ ಎತ್ತರವನ್ನು ಓದಬೇಕು, ಮೇಲೆ ಹೂವಿನ ಕಮಾನಿಗೆ ಎಷ್ಟು ಬಿಡಬೇಕೆಂದು ಕೇಳಬೇಕು. ಆದರೆ ಅವಳು ಸುಮ್ಮನೆ ಕೂತಿದ್ದಳು. ಅಷ್ಟು ಹೊತ್ತು ದಾರವನ್ನು ಬಿಟ್ಟು ಬೇರೇನೂ ಕಾಣದ ಕಣ್ಣಿಗೆ ಈಗ ಓಣಿ ಒಂದೊಂದಾಗಿ ಕಾಣತೊಡಗಿತ್ತು.

‘ಏನು ನೋಡ್ತಿದ್ದೀಯವ್ವ ಅಲ್ಲಿ?’ ಎಂದಳು ಹುಚ್ಚಮ್ಮ. ಕೇಳಿದ ರೀತಿ ಬೇರೆಯಾಗಿತ್ತು. ಪಟ್ಟು ಹಿಡಿದ ಮುದುಕಿಯ ಧ್ವನಿಯಲ್ಲ, ಊರಿಗೆ ಹೋಗಿ ಬಂದವರನ್ನು ಅಲ್ಲಿ ಏನಿತ್ತು ಎಂದು ಕೇಳುವ ಧ್ವನಿ. ‘ಮೇಲಿಂದ ಏನು ಕಾಣುತ್ತೆ?’

‘ಸಜ್ಜದ ಮೇಲೆ ಒಂದು ಹರಿದ ಚೆಂಡಿದೆ. ಪಾರಿವಾಳದ ಗೂಡು. ಈ ಕಡೆ...’ ಸುಮನಾ ತಡೆದಳು. ಎಡಗಡೆ, ರುದ್ರೇಶನ ಮನೆಯ ಗೋಡೆ ಮುಗಿದು ಪಕ್ಕದವರ ಹೆಂಚು ಶುರುವಾಗುವ ನಡುವೆ ಒಂದು ಸಂದಿತ್ತು. ಕೆಳಗೆ ನಿಂತವರಿಗೆ ಅದು ಬರೀ ಗೋಡೆ. ಇಲ್ಲಿಂದ ಅದರಾಚೆ ಏನೋ ಬೆಳ್ಳಗೆ, ಅಲುಗುತ್ತ, ಹೊಳೆಯುತ್ತಿತ್ತು. ‘ಅಜ್ಜಿ, ಇಲ್ಲಿಂದ ಹೊಳೆ ಕಾಣುತ್ತೆ.’

‘ಈ ಓಣಿಯಿಂದಾ?’

‘ಹೌದು. ತುಂಗೆ. ಸ್ವಲ್ಪವೇ. ನೀರು ಕಾಣುತ್ತೆ.’

ಹುಚ್ಚಮ್ಮ ಕುಳಿತಲ್ಲಿಂದಲೇ ಕತ್ತು ಎತ್ತಿದಳು. ಗೋಡೆ ಕಂಡಿರಬೇಕು. ಆದರೂ ಎತ್ತಿಕೊಂಡೇ ಇದ್ದಳು, ಅಳತೆಕೋಲಿನ ತುದಿಯನ್ನು ಹುಡುಕುವವರ ಹಾಗೆ. ಇಷ್ಟು ವರ್ಷ ಬಟ್ಟೆ ಒಗೆಯಲು ಆ ಹೊಳೆಗೆ ಇದೇ ಓಣಿಯಲ್ಲಿ ಹೋಗಿ ಬಂದವಳು. ಆಮೇಲೆ ಅವರೆಕಾಯಿಯ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು, ಬಿದಿರಿನ ಕೆಳಗೆ ಬೆವರುತ್ತ ನಿಂತಿದ್ದ ಮಗನನ್ನೂ ರುದ್ರೇಶನನ್ನೂ ನೋಡಿ ಹೇಳಿದಳು: ‘ಕೇಳಿಸ್ತೇನ್ರೋ? ಆ ಜಾಗ ಬಂದಾಗ ಸ್ವಲ್ಪ ನಿಧಾನಕ್ಕೆ ಹೋಗಿ.’